ಮೂವರಿಗೆ ಮೂರು ಸುಳ್ಳು

ಯಾರೋ ಪರದೆ ಎಳೆದರು, ಯಾರೋ ಅಲ್ಲ, ಬೆರೆಂಡ್, ನನ್ನ ಅಂಗರಕ್ಷಕ, ಎಳೆಯುವ ಮೊದಲು ಬೀದಿಯಾಚೆ ನಿಂತ ಬಿಳಿ ವ್ಯಾನನ್ನು ಒಂದು ಗಳಿಗೆ ಹೆಚ್ಚಿಗೇ ನೋಡಿದ, ಯಾಕೆ ನೋಡಿದ, ಅದರಲ್ಲಿ ಯಾರಿದ್ದಾರೆ — ಅಯ್ಯೋ, ಹಾಡುಹಗಲಲ್ಲಿ ಪರದೆ ಮುಚ್ತೀಯಲ್ಲಪ್ಪ, ಈ ಮನೇಲಿ ಯಾರೋ ಸತ್ರು ಅಂದ್ಕೊಳ್ತಾರೆ ಬೀದಿಯೋರು, ಅಂದಳು ಪಕ್ಕದ ಮನೆಯ ಆಂಟ್ಯೆ ಅಜ್ಜಿ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ಒಂದು ಸುತ್ತು ಹಾಕಿ ಬಂತು. ತಂಗಿ ಮಾರಿಟ್‌ಳ ಹುಟ್ಟುಹಬ್ಬ, ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ ಸುತ್ತಲೂ ಕೂತಿದ್ದೇವೆ, ನಮ್ಮ ರೂಢಿಯಂತೆ ಬಂದವರು ಹುಟ್ಟುಹಬ್ಬದವಳದ್ದಷ್ಟೇ ಅಲ್ಲ, ಎಲ್ಲರ ಕೈಯನ್ನೂ ಕುಲುಕಬೇಕು, ನಿಮ್ಮ ತಂಗಿಗೆ ಶುಭಾಶಯ, ನಿಮ್ಮ ಹೆಂಡತಿಗೆ ಶುಭಾಶಯ, ಅಜ್ಜಿ ಬೆರೆಂಡನನ್ನೂ ಬಿಡಲಿಲ್ಲ, ನಿಮ್ಮ ಮಂತ್ರಿಯಮ್ಮನ ತಂಗಿಗೆ ಶುಭಾಶಯ ಕಣಪ್ಪ, ಕೂತ್ಕೋ, ಕಂಬದ ಥರ ನಿಂತ್ರೆ ಕಾಫಿ ಗಂಟಲಲ್ಲಿ ಇಳಿಯಲ್ಲ, ಅವನು ಕೂತ, ಸೊಂಟದ ಪಿಸ್ತೂಲು ಕುರ್ಚಿಯ ಕೈಗೆ ತಾಗಿ ಟಕ್ ಅಂತು. ಹೀಗೆ ಸುತ್ತ ಕೂತರೆ ಯಾರು ಯಾರಿಗೆ ಏನು ಹೇಳಿದರೂ ಎಲ್ಲರಿಗೂ ಕೇಳುತ್ತದೆ, ಕೇಳಿದವರಲ್ಲಿ ಒಬ್ಬರು ನನ್ನ ಮಾತನ್ನು ಪತ್ರಿಕೆಗೆ ಮಾರಿಕೊಂಡಿದ್ದಾರೆ, ಇವರಲ್ಲಿ ಯಾರು.

ಹೊಸ ವರ್ಷದ ಹಿಂದಿನ ದಿನ ಇದೇ ಕೋಣೆಯಲ್ಲಿ, ಎಣ್ಣೆಯಲ್ಲಿ ಕರಿದ ಉಂಡೆ ತಿನ್ನುತ್ತಾ, ಬೆರಳಿಗೆಲ್ಲ ಸಕ್ಕರೆ ಪುಡಿ, ನಾನು ಹೇಳಿದ್ದು ಇಷ್ಟೇ, ಕಪ್ಪು ಗೌನಿನ ಒಳಗಿರೋರನ್ನ ನಂಬಬೇಡಿ, ಇಪ್ಪತ್ತು ವರ್ಷ ನಾನೂ ಅದರೊಳಗೇ ಇದ್ದೆ. ಮನೆಯವರ ಮುಂದೆ ಆಡಿದ ಮಾತು, ತಂಗಿ, ಅವಳ ಗಂಡ ಡೌವೆ, ಅಪ್ಪ, ಇನ್ನೊಂದು ನರಪಿಳ್ಳೆ ಇರಲಿಲ್ಲ, ಆದರೂ ಎರಡು ವಾರದಲ್ಲಿ ಒಂದಕ್ಷರ ಬಿಡದೆ ಪತ್ರಿಕೆಯಲ್ಲಿ ಬಂತು, ದೇಶದ ವಕೀಲರೆಲ್ಲ ಮೈಮೇಲೆ ಬಿದ್ದರು. ಬರುವ ಮಂಗಳವಾರ ಸಂಸತ್ತಿನಲ್ಲಿ ನನ್ನ ಮಸೂದೆ, ಜೈಲಿನಲ್ಲಿ ಕೈದಿಯೂ ವಕೀಲನೂ ಆಡುವ ಮಾತಿಗೆ ಸರ್ಕಾರ ಕಿವಿ ಇಡಬಹುದು ಅನ್ನುವ ಮಸೂದೆ, ಇಂಥದ್ದು ಇನ್ನೊಂದು ಹೊರಬಿದ್ದರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ಆಗಲ್ಲ ರೆನ್ಸ್ಕೆ, ಅಂದರು ಪ್ರಧಾನಿ, ಎಷ್ಟು ಮೆತ್ತಗೆ ಅಂದರು. ಡೌವೆಯೇ ಇರಬೇಕು, ನೋಡು ಹೇಗೆ ಕಾಫಿ ಕಲಕುತ್ತಿದ್ದಾನೆ, ಸಕ್ಕರೆ ಹಾಕಿಕೊಳ್ಳದವನು ಏನನ್ನು ಕಲಕುತ್ತಾನೆ. ಲೇವಾರ್ಡನ್ ಊರಿನ ಸೈಕಲ್ ಅಂಗಡಿಯ ಮಹಡಿಯ ಮೇಲೆ ನಾವಿಬ್ಬರೂ ಕಚೇರಿ ತೆರೆದಾಗ ಒಂದೇ ಮೇಜು, ಒಂದೇ ಗೌನು, ಬೆಳಿಗ್ಗೆ ಕೋರ್ಟಿಗೆ ಅವನು ಹಾಕಿಕೊಂಡರೆ ಮಧ್ಯಾಹ್ನ ನಾನು, ಕಕ್ಷಿದಾರರು ಮೊದಲು ಸೈಕಲ್ ಕಳ್ಳರು, ಕುಡಿದು ಕಿಟಕಿ ಒಡೆದವರು, ಆಮೇಲೆ ಬಂದರಿನಲ್ಲಿ ಕೊಕೇನ್ ಇಳಿಸುವವರು, ಗೆದ್ದೆವು, ಟಿವಿಯವರು ಕರೆದರು, ಪಕ್ಷದವರು ಕರೆದರು, ನಾನು ಹೋದೆ, ಅವನು ಮೇಜು ಕಾಯುತ್ತಾ ಉಳಿದ. ರಾಜನ ಮುಂದೆ ಪ್ರಮಾಣ ಮಾಡಿದ ದಿನದಿಂದ ನಾನು ಸೈಕಲ್ ಹತ್ತಿಲ್ಲ, ಬೆರೆಂಡ್ ಹತ್ತಲು ಬಿಡುವುದಿಲ್ಲ, ನಾನು ಬಿಡಿಸಿದವರ ಕಡೆಯವರೇ ಈಗ ನನ್ನನ್ನು ಕೊಲ್ಲುತ್ತೇವೆ ಅನ್ನುತ್ತಾರೆ. ಏನ್ ಮಂತ್ರಿಗಳೇ, ಮನೇಲೂ ಮೈಕ್ ಇಟ್ಟಿದೀರಾ ಹೇಗೆ, ಅಂದ ಡೌವೆ, ನಾನು ಅವನ ಚಮಚವನ್ನೇ ನೋಡುತ್ತಿದ್ದದ್ದು ಅವನಿಗೆ ಗೊತ್ತಾಯಿತು, ಇಟ್ಟಿದ್ರೆ ನಿನ್ನ ಗೊರಕೆ ಬಿಟ್ಟು ಇನ್ನೇನು ಸಿಗುತ್ತೆ ಅಂದೆ, ಮತ್ತೆ ನಗು.

ಬೋನು ಇಟ್ಟು ಒಂದು ವಾರವಾಯಿತು, ಸುಳ್ಳು ಸಾಕ್ಷಿಯನ್ನು ವಕೀಲರು ಮಾತಿನಲ್ಲಿ ಸಿಕ್ಕಿಸುವ ಹಾಗೆಯೇ, ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಗುಟ್ಟು, ಯಾರಿಗೆ ಹೇಳಿದ್ದು ಪತ್ರಿಕೆಯಲ್ಲಿ ಬರುತ್ತದೋ ಅವರೇ. ಡೌವೆಗೆ, ಮಸೂದೆ ವಾಪಸ್ ತಗೊಳ್ತೀನಿ. ಮಾರಿಟ್‌ಗೆ, ಬ್ರಸೆಲ್ಸ್‌ಗೆ, ಯುರೋಪ್ ಒಕ್ಕೂಟದ ಹುದ್ದೆಗೆ ಹೋಗ್ತೀನಿ. ಅಪ್ಪನಿಗೆ, ಅಪ್ಪನಿಗೆ ಸಣ್ಣಪುಟ್ಟದ್ದು ಸಾಲದು, ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತುತ್ತಾ ಇಳಿಸುತ್ತಾ ದೋಣಿಯವರ ಜೊತೆ ಹರಟೆ ಹೊಡೆದೇ ಬದುಕಿದವನು, ಬಾಯಿ ನಿಲ್ಲದವನು, ಅವನು ನಂಬಬೇಕು, ಪೂರ್ತಿ ನಂಬಬೇಕು, ಅದಕ್ಕೇ ಹುಡುಕಿ ಹುಡುಕಿ ಹೇಳಿದೆ, ಅಪ್ಪಾ, ಎದೇಲಿ ಗಂಟು ಸಿಕ್ಕಿದೆ, ಅಮ್ಮನಿಗೆ ಇದ್ದ ಕಡೆಯೇ, ಹುದ್ದೆ ಬಿಡ್ತೀನಿ, ಯಾರಿಗೂ ಹೇಳಬೇಡ. ಡಾಕ್ಟರ ಹತ್ರ ಯಾವಾಗ ಹೋಗ್ತೀಯಾ ಅಂತ ಫೋನಿನ ಆಚೆ ಅವನು ಎರಡೆರಡು ಸಲ ಕೇಳಿದ, ಆಗ ನಾನು ಏನು ಅಂದುಕೊಂಡೆ, ಬೋನು ಗಟ್ಟಿಯಾಗಿದೆ ಅಂದುಕೊಂಡೆ. ಪತ್ರಿಕೆಯಲ್ಲಿ ಒಂದೂ ಬಂದಿಲ್ಲ. ಹಾಗಾದರೆ ಮೂವರೂ ಮಾತಾಡಿಕೊಂಡಿದ್ದಾರೆಯೇ, ಹೋಲಿಸಿ ನೋಡಿದ್ದಾರೆಯೇ, ಪಕ್ಕದ ಕುರ್ಚಿಯಲ್ಲಿರುವ ಅಪ್ಪ ಯಾಕೆ ನನ್ನ ಕಣ್ಣು ತಪ್ಪಿಸುತ್ತಾನೆ, ಕೇಕು ಮುಟ್ಟದೆ ತಟ್ಟೆಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಯಾಕೆ ಕೂತಿದ್ದಾನೆ, ತಪ್ಪು ಮಾಡಿದವರು ತಿನ್ನುವುದಿಲ್ಲ, ಎಷ್ಟು ಕಕ್ಷಿದಾರರನ್ನು ನೋಡಿಲ್ಲ ನಾನು, ಅಪ್ಪನೇ, ಅಪ್ಪನೇ ಇರಬೇಕು — ಫೋನು ಗುರ್ ಅಂತು, ನನ್ನ ಕಾರ್ಯದರ್ಶಿಯ ಸಂದೇಶ, ಪತ್ರಿಕೆಗೆ ಹೇಳಿದವನು ಸಿಕ್ಕಿದ ಮೇಡಂ, ನಮ್ಮ ಪಕ್ಷದ ಸಂಸದನೇ, ಜನವರಿ ಮೊದಲ ವಾರ ಪಕ್ಷದವರ ಊಟದಲ್ಲಿ ಗೌನಿನ ಮಾತನ್ನು ನೀವೇ ಹೇಳಿದಿರಂತೆ, ಎಲ್ಲರೂ ಮೇಜು ಬಡಿದು ನಕ್ಕರಂತೆ.

ನಾನೇ. ಹೌದು, ಹೇಳಿದ್ದೆ, ಇಲ್ಲಿ ನಗು ಬಂತು ಅಂತ ಅಲ್ಲಿಯೂ ಹೇಳಿದ್ದೆ. ಈಗ ಹೇಳಿಬಿಡಬೇಕು, ಗಂಟೂ ಇಲ್ಲ ಏನೂ ಇಲ್ಲ ಅಪ್ಪಾ, ನಿನ್ನನ್ನ ಪರೀಕ್ಷೆ ಮಾಡಿದೆ ಅಂತ, ಹೇಗೆ ಹೇಳುವುದು, ಸುತ್ತಲೂ ಕಿವಿಗಳು, ಆಂಟ್ಯೆ ಅಜ್ಜಿಯ ಕಿವಿ, ಕತ್ತಿನ ಹತ್ತಿರ ಅಂಗಿ ಸಡಿಲವಾಗಿದೆ ಅಪ್ಪನಿಗೆ, ಒಂದು ವಾರದಲ್ಲಿ ಇಷ್ಟು ಇಳಿಯುತ್ತಾನೆಯೇ ಮನುಷ್ಯ. ಅಪ್ಪಾ, ಆವತ್ತು ಹೇಳಿದ್ನಲ್ಲ, ಅದು — ಶ್, ಅಂದ, ಪಕ್ಕಕ್ಕೆ ಬಾಗಿದ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಮಗಳೇ, ಮಾರಿಟ್‌ಗೂ ಹೇಳಿಲ್ಲ, ನೀನು ತಿನ್ನು, ನಿಮ್ಮಮ್ಮ ತಿನ್ನೋದು ಬಿಟ್ಟಿದ್ದೇ ತಪ್ಪಾಯ್ತು. ಫೋರ್ಕಿನಿಂದ ತನ್ನ ಕೇಕನ್ನು ನನ್ನ ತಟ್ಟೆಗೆ ತಳ್ಳುತ್ತಿದ್ದಾನೆ, ಒಬ್ಬರಿಗೆ ಒಂದೇ ತುಂಡು, ಮಿಕ್ಕದ್ದನ್ನು ಮಾರಿಟ್ ಆಗಲೇ ಒಳಗೆ ಮುಚ್ಚಿಟ್ಟಿದ್ದಾಳೆ, ಯಾರೂ ನೋಡಬಾರದೆಂದು ಅಂಗೈ ಅಡ್ಡ ಹಿಡಿದು ತಳ್ಳುತ್ತಿದ್ದಾನೆ, ಕೇಕು ಎರಡು ತಟ್ಟೆಗಳ ನಡುವೆ ನಿಲ್ಲುತ್ತದೆ, ಹೇಳು ಈಗ, ಹೇಳು, ಮತ್ತೆ ತಳ್ಳುತ್ತಾನೆ, ಫೋರ್ಕು, ಅಂಗೈ, ಕೇಕು, ಮತ್ತೆ ತಳ್ಳುತ್ತಾನೆ