ಕಾಲು ತೊಳೆಯಲು ಬಂದವರು

"ಕಾಲು ತೊಳ್ಕೊಂಡು ಬಾ ಅಂತ ನಿನಗೆ ಯಾರಮ್ಮ ಹೇಳಿದ್ದು?"

ಆತ್ರೇಯ ಬಗ್ಗಿ ಬೈರಮ್ಮನ ಪಾದಗಳನ್ನು ನೋಡಿ ಹಣೆ ಚಚ್ಚಿಕೊಂಡ. ಮಲ್ಲೇಶ್ವರದ ಕಲ್ಯಾಣಮಂಟಪವೊಂದರ ಹಿಂಬಾಗಿಲಲ್ಲಿ ಕಸ ಗುಡಿಸುವ ನಾಲ್ವರು ಹೆಂಗಸರು ಸಾಲಾಗಿ ನಿಂತಿದ್ದರು. ಮೂವರ ಕಾಲಲ್ಲಿ ಬೆಳಗಿನ ಕೆಲಸದ ಕೊಳೆ ಹಾಗೇ ಇತ್ತು. ಬೈರಮ್ಮನ ಕಾಲು ಮಾತ್ರ ತೊಳೆದು, ಒರೆಸಿ, ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ ಹೊಳೆಯುತ್ತಿತ್ತು.

"ಪರದೇಶದ ಹುಡ್ಗಿ ಮುಟ್ತಾಳೆ ಅಂದ್ರಲ್ಲ ಸಾ. ಗಲೀಜ್ ಕಾಲ್ ಎಂಗ್ ಕೊಡದು ಅಂತ ನಲ್ಲೀಲಿ ತೊಳ್ಕೊಂಡೆ."

"ತೊಳೆದಿರೋ ಕಾಲಲ್ಲಿ ಅವರು ಇನ್ನೇನು ತೊಳೀಬೇಕು? ಗೌರೀಶ್, ಏನ್ರೀ ಇದು? ಕೆಲಸದಿಂದ ನೇರ ಕರ್ಕೊಂಡು ಬನ್ನಿ ಅಂತ ಎಷ್ಟು ಸಲ ಹೇಳಿದ್ದೆ."

ಗೌರೀಶ ಆ ವಾರ್ಡಿನ ಕಸದ ಗುತ್ತಿಗೆದಾರ. ಮಂಟಪ ಅವನ ಚಿಕ್ಕಪ್ಪನದು. ಫೋನಿನಲ್ಲಿ ಮಾತಾಡುತ್ತಿದ್ದವನು ಅದನ್ನು ಎದೆಗೆ ಒತ್ತಿ ಹಿಡಿದು ಬೈರಮ್ಮನ ಕಡೆ ತಿರುಗಿದ.

"ಏನೇ ಲೌಡಿ, ಮದ್ವೆ ಊಟಕ್ ಬಂದಿದೀಯಾ? ಹೋಗು, ಅಲ್ಲಿ ಎಲೆ ಬಿದ್ದವೆ ನೋಡು, ಅದ್ರಲ್ಲಿ ಚೆನ್ನಾಗಿ ತುಳ್ದು ಬಾ."

ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು. ಉಂಡ ಎಲೆಗಳೆಲ್ಲ ಕಾಂಪೌಂಡಿನ ಮೂಲೆಯಲ್ಲಿ ರಾಶಿ ಬಿದ್ದು, ಸಾರು ಪಾಯಸಗಳು ಒಂದಾಗಿ ಹುಳಿ ವಾಸನೆ ಏಳುತ್ತಿತ್ತು. ಹದಿಮೂರು ವರ್ಷದಿಂದ ಬೈರಮ್ಮ ಇಂಥ ರಾಶಿಗಳನ್ನು ಎತ್ತಿದ್ದಾಳೆ. ಆದರೆ ಎತ್ತುವುದಕ್ಕಲ್ಲದೆ ಬರೀ ನಿಲ್ಲುವುದಕ್ಕೆಂದು ಯಾವತ್ತೂ ಹತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಜೊತೆಗೆ ಬಂದಿದ್ದ ಮಗಳ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ರಾಶಿಯ ಮೇಲೆ ಕಾಲಿಟ್ಟಳು. ಎಲೆ ಜಾರಿತು. ಒಳಗೆ ಬೆಚ್ಚಗಿತ್ತು.

"ಹಿಮ್ಮಡಿಗೂ ಹತ್ತಲಿ. ಹಾಂ, ತಿರುಗಿ ತೋರಿಸಮ್ಮ. ಸಾಕು ಸಾಕು," ಎಂದ ಆತ್ರೇಯ ಬಾಗಿಲಿನಿಂದಲೇ.

ರಂಜಿನಿ ತಾಯಿಯ ಚಪ್ಪಲಿ ಹಿಡಿದುಕೊಂಡು ಇದನ್ನು ನೋಡುತ್ತಿದ್ದಳು. ಬಿಕಾಂ ಎರಡನೇ ವರ್ಷ. ಹೋಗಬೇಡ ಎಂದು ಮೂರು ದಿನದಿಂದ ತಾಯಿಗೆ ಹೇಳಿ ಸೋತು, ಇವತ್ತು ಕಾಲೇಜು ಬಿಟ್ಟು ಹಿಂದೆ ಬಂದಿದ್ದಳು.

ಆತ್ರೇಯನದು ವಿದೇಶಿ ತಂಡಗಳಿಗೆ ಸೇವಾ ಪ್ರವಾಸ ಏರ್ಪಡಿಸುವ ಕಂಪನಿ. ಹೊರದೇಶದ ಕಾಲೇಜು, ಚರ್ಚು, ಕ್ಲಬ್ಬುಗಳ ಹುಡುಗರು ಹತ್ತು ದಿನಕ್ಕೆಂದು ಬರುತ್ತಾರೆ. ಯಾವ ದಿನ ಏನು ಸೇವೆ ಮಾಡಬೇಕು ಎಂದು ಇವನು ಪಟ್ಟಿ ಹಾಕಿಕೊಡುತ್ತಾನೆ. ಈ ಸಲ ಬಂದದ್ದು ಆಸ್ಟ್ರೇಲಿಯಾದ ಒಂದು ಚರ್ಚಿನ ಯುವಕ ಯುವತಿಯರು, ಹನ್ನೆರಡು ಮಂದಿ. ಗುರುವಾರ ಚಾಮರಾಜಪೇಟೆಯ ಶಾಲೆಯೊಂದರ ಗೋಡೆಗೆ ಬಣ್ಣ ಬಳಿದಿದ್ದರು. ಶುಕ್ರವಾರ ಅನಾಥಾಶ್ರಮದಲ್ಲಿ ಬಲೂನು ಊದಿದ್ದರು. ಶನಿವಾರ ಪಾದ ತೊಳೆಯುವ ಕಾರ್ಯಕ್ರಮ. ಏಸು ಶಿಷ್ಯರ ಪಾದ ತೊಳೆದಂತೆ ಅವರು ಬೀದಿ ಗುಡಿಸುವವರ ಪಾದ ತೊಳೆಯಬೇಕು. ಭಾನುವಾರ ಮೈಸೂರು.

ಪಾದಗಳನ್ನು ಆರಿಸಲು ಆತ್ರೇಯ ಹೋದ ವಾರ ಶ್ರೀರಾಂಪುರಕ್ಕೇ ಬಂದಿದ್ದ. ಗೌರೀಶ ಓಣಿಯ ಹೆಂಗಸರನ್ನೆಲ್ಲ ಜಗಲಿಯ ಮೇಲೆ ಕೂರಿಸಿ ಕಾಲು ಮುಂದೆ ಚಾಚಿಸಿದ. ಆತ್ರೇಯ ಒಂದೊಂದೇ ಕಾಲಿನ ಫೋಟೊ ತೆಗೆಯುತ್ತ ಬಂದ. ಬೈರಮ್ಮನ ಹಿಮ್ಮಡಿಯ ಬಿರುಕಿನಲ್ಲಿ ಬೆರಳು ಹೂಳುವಷ್ಟು ಜಾಗವಿತ್ತು. "ಇವರು ಬರಲೇಬೇಕು," ಎಂದ. ಶಿವಕುಮಾರಿಗೆ ಒಂದು ಉಗುರು ಇರಲಿಲ್ಲ. ಅವಳೂ ಆಯ್ಕೆಯಾದಳು.

"ನಾವ್ ಬುದ್ಧವಿಹಾರಕ್ಕೆ ಹೋಗೋರು. ಇದೆಲ್ಲ ನಮಗ್ಯಾಕಮ್ಮ?" ಎಂದು ರಂಜಿನಿ ಅವತ್ತೇ ಕೇಳಿದ್ದಳು.

"ಕಾಲ್ ತೊಳುಸ್ಕೊಳಕ್ಕೆ ಯಾವ ದೇವ್ರಾದ್ರೇನೆ? ಖಾಯಂ ಆಗೋರ ಪಟ್ಟಿ ಹೋಗ್ತಾ ಐತಂತೆ. ಎಸ್ರು ಬರ್ಯೋನು ಆ ಗೌರೀಶ. ಒಂದ್ ಗಂಟೆ ಕುರ್ಚಿ ಮೇಲ್ ಕೂತ್ರೆ ನನ್ ಗಂಟೇನೋಗುತ್ತೆ?"

ಒಳಗೆ ವೇದಿಕೆಯ ಮೇಲೆ ಮದುವೆ ಮಂಟಪದ ಕಂಬಗಳನ್ನು ಇನ್ನೂ ಕಳಚಿರಲಿಲ್ಲ. ಅವುಗಳ ಮುಂದೆ ನಾಲ್ಕು ಕುರ್ಚಿ, ನಾಲ್ಕು ನೀಲಿ ಬೇಸನ್ನು, ಬಿಸಿನೀರು, ಅದರಲ್ಲಿ ಗುಲಾಬಿ ಎಸಳು. ಒಬ್ಬ ಹುಡುಗ ಗಿಟಾರ್ ನುಡಿಸುತ್ತಿದ್ದ. ತಂಡದ ನಾಯಕ ಕ್ಯಾಲಮ್ ಎಂಬ ಮೂವತ್ತರ ಗಡ್ಡದವನು ಕಣ್ಣು ಮುಚ್ಚಿ ಪ್ರಾರ್ಥಿಸಿದ. ಬೈರಮ್ಮನ ಎದುರು ಮಂಡಿಯೂರಿದವಳು ಟೆಸ್ಸಾ, ಹದಿನೇಳರ ಹುಡುಗಿ, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಚರ್ಮ. ಅವಳಿಗೆ ಕೊಟ್ಟಿದ್ದ ಬಿಳಿ ಗ್ಲೌಸನ್ನು ಒಂದು ಕ್ಷಣ ನೋಡಿ, ತೆಗೆದು ಪಕ್ಕಕ್ಕಿಟ್ಟು, ಬರಿಗೈಯಲ್ಲೇ ಬೈರಮ್ಮನ ಪಾದ ಹಿಡಿದಳು. ಎರಡು ಕ್ಯಾಮರಾಗಳು ಹತ್ತಿರ ಬಂದವು.

ಅಂಟಿದ್ದ ಪಾಯಸ ನೀರಿಗೆ ಬಿಡತೊಡಗಿತು. ಒಂದು ಅನ್ನದಗುಳು ತೇಲಿತು. ಟೆಸ್ಸಾ ಅದನ್ನು ನೋಡಿದಳು, ಏನೂ ಅರ್ಥವಾಗಲಿಲ್ಲ. ತಲೆಯೆತ್ತಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ಹೇಗನ್ಸತ್ತೆ ಅಂತ ಕೇಳ್ತಿದಾಳೆ," ಎಂದ ಆತ್ರೇಯ.

"ನೀರು ಬಿಸಿ ಜಾಸ್ತಿ ಆಯ್ತು ಅನ್ನಿ ಸಾ. ಬಿರುಕು ಉರೀತಾ ಐತೆ."

ಆತ್ರೇಯ ಕ್ಯಾಮರಾ ಕಡೆ ತಿರುಗಿ, ದನಿ ಮೆತ್ತಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: ಹುಟ್ಟಿದಾಗಿನಿಂದ ಇವತ್ತಿನವರೆಗೆ ನನ್ನನ್ನು ಯಾರೂ ಪ್ರೀತಿಯಿಂದ ಮುಟ್ಟಿರಲಿಲ್ಲ, ನೀನೇ ಮೊದಲನೆಯವಳು ಎನ್ನುತ್ತಿದ್ದಾಳೆ.

ಟೆಸ್ಸಾ ಬಿಕ್ಕಿದಳು. ಗಿಟಾರ್ ಜೋರಾಯಿತು.

ಗೋಡೆಗೆ ಒರಗಿದ್ದ ರಂಜಿನಿಗೆ ತಾನು ಮುಂದೆ ಬಂದದ್ದು ಗೊತ್ತೇ ಆಗಲಿಲ್ಲ. "ನಮ್ಮಮ್ಮ ಹಾಗೆ ಹೇಳಲಿಲ್ಲ," ಎಂದಳು, ಇಂಗ್ಲಿಷಿನಲ್ಲಿ. "ನೀರು ಸುಡುತ್ತಿದೆ ಅಂದರು. ಅಷ್ಟೇ."

ಗಿಟಾರ್ ನಿಂತಿತು. ಟೆಸ್ಸಾ ಬೇಸನ್ನಿನಿಂದ ಕೈ ತೆಗೆದಳು. ಕ್ಯಾಲಮ್ ಆತ್ರೇಯನನ್ನು ನೋಡಿದ. ಆತ್ರೇಯ ನಗುತ್ತಲೇ ಗೌರೀಶನಿಗೆ ಕಣ್ಸನ್ನೆ ಮಾಡಿದ. ಗೌರೀಶ ಕುರ್ಚಿಯ ಹಿಂದೆ ಬಂದು, ಬೈರಮ್ಮನ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕಾಣುವಂತೆ ಹಲ್ಲು ಬಿಡುತ್ತ ಹೇಳಿದ:

"ಮಗಳ ಬಾಯಿ ಮುಚ್ಚುಸ್ತೀಯೋ, ಪಟ್ಟೀಲಿ ನಿನ್ ಎಸ್ರು ಹೊಡ್ದಾಕ್ಲೋ? ಯಜಮಾನ್ರು ಹೇಳಿದ್ದೇ ಸರಿ ಅನ್ನು."

ಬೈರಮ್ಮ ಮಗಳ ಮುಖ ನೋಡಲಿಲ್ಲ. ಬೇಸನ್ನಿನ ನೀರು ನೋಡಿದಳು.

"ಊಂ. ಅಂಗೇ ಅಂದೆ," ಎಂದಳು. "ಅವಳ್ಗೆ ಸರ್ಯಾಗ್ ಕೇಳ್ಸಿಲ್ಲ."

ರಂಜಿನಿ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಗೋಡೆ ಸೇರಿದಳು. ಕೈಯಲ್ಲಿದ್ದ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಿದ್ದಳು.

ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಮಾತಿನ ಮಧ್ಯೆ ರಂಜಿನಿ ಬಂದದ್ದರಿಂದ ವಿಡಿಯೋ ಕೆಟ್ಟಿತ್ತು. ಕ್ಯಾಮರಾದವನು ಆತ್ರೇಯನಿಗೆ ಏನೋ ಹೇಳಿದ. ಆತ್ರೇಯ ಗಡಿಯಾರ ನೋಡಿಕೊಂಡ. ಟೆಸ್ಸಾ ಟವೆಲಿನಿಂದ ಬೈರಮ್ಮನ ಬೆರಳ ಸಂದುಗಳನ್ನು ಒರೆಸುತ್ತಿದ್ದಳು, ಒಂದೊಂದಾಗಿ, ಮಗುವಿನ ಕಾಲು ಒರೆಸಿದ ಹಾಗೆ.

"ಅಮ್ಮ, ಇನ್ನೊಂದೇ ಒಂದು ಸಲ ಮಾಡೋಣ," ಎಂದ ಆತ್ರೇಯ. "ಬೇಗ ಹಿಂದೆ ಹೋಗಿ ಎಲೆ ತುಳ್ಕೊಂಡು ಬಂದ್ಬಿಡಿ."

ಬೈರಮ್ಮ ತನ್ನ ಕಾಲು ನೋಡಿಕೊಂಡಳು. ಬಿಸಿನೀರಿಗೆ ಕೆಂಪಗಾಗಿತ್ತು. ಆ ಹುಡುಗಿಯ ಕೈ ಇನ್ನೂ ಅದರ ಮೇಲಿತ್ತು.

"ಓಗಲ್ಲ," ಎಂದಳು.

"ಏನಂದೆ?" ಎಂದ ಗೌರೀಶ.

ಬೈರಮ್ಮ ಎದ್ದು ನಿಂತಳು. "ರಂಜೀ, ಬಾರೆ ಇಲ್ಲಿ. ನಾನೇಳೋದ್ನ ಈ ಮಕ್ಕಳ್ಗೆ ಅಂಗಂಗೇ ಹೇಳು. ಒಂದಕ್ಸರ ಬಿಡ್ಬೇಡ. ಬೈಗುಳಾನೂ ಸೇರ್ಸಿ ಹೇಳು."

ರಂಜಿನಿ ಬಂದು, ಆತ್ರೇಯ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೊದಲು ತಾಯಿಯ ಕಿವಿಗೆ ಹಾಕಿದಳು.

"ಈ ಕಾಲು ಬೆಳಗ್ಗೆ ನಾನೇ ತೊಳ್ದಿದ್ದೆ. ಎಣ್ಣೆ ಹಚ್ಚಿದ್ದೆ. ಎಣ್ಣೆ ಹಚ್ಚಿರೋ ಕಾಲು ಬ್ಯಾಡ, ಎಂಜಲೆಲೆ ತುಳ್ದಿರೋ ಕಾಲು ಬೇಕು ಅಂದ ಈ ಬೋಳಿಮಗ."

ರಂಜಿನಿ ಹೇಳಿದಳು. ಕಡೆಯ ಪದಕ್ಕೆ ಇಂಗ್ಲಿಷ್ ಹೊಳೆಯಲಿಲ್ಲ, ಕನ್ನಡದಲ್ಲೇ ಬಿಟ್ಟಳು. ಯಾರನ್ನು ಕುರಿತದ್ದು ಎಂದು ಆತ್ರೇಯನ ಕಡೆ ಬೆರಳು ತೋರಿಸಿದಳು.

"ಯಾರೂ ಮುಟ್ಟಿಲ್ಲ ಅಂದ್ನಂತೆ. ಯಾಕ್ ಮುಟ್ಟಿಲ್ಲ? ನನ್ ಮಗ್ಳು ವಾರಕ್ಕೊಂದ್ ಗಾಜಿನ್ ಚೂರ್ ತೆಗೀತಾಳೆ ಈ ಕಾಲಿಂದ. ನನ್ ಗಂಡ ಆಂಜಿನಯ್ಯ ಕುಡುದ್ ದಿನ ಈ ಕಾಲ್ ಹಿಡ್ಕಂಡು ಅಳ್ತಾನೆ. ನಮ್ಮವ್ವ ಸಾಯೋ ಗಂಟ ಒತ್ತೋಳು. ಮುಟ್ಟದೆ ಇರೋರು ಈ ಬೀದಿಯೋರು. ಅವ್ರ ಕಾಲ ನೀವ್ ಯಾಕ್ ತೊಳೀತಿಲ್ಲ? ಅವ್ರ ಮನೆಗ್ ಹೋಗಿ, ಯಾಕ್ ಮುಟ್ಟಲ್ಲ ಅಂತ ಯಾಕ್ ಕೇಳ್ತಿಲ್ಲ?"

ಅನುವಾದ ಮುಗಿದಾಗ ರಂಜಿನಿಗೆ ಏದುಸಿರು ಬಂದಿತ್ತು. ಟೆಸ್ಸಾ ನೆಲದ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ಸಾರಿ ಸಾರಿ ಎಂದು ಅಳತೊಡಗಿದಳು. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಕ್ಯಾಲಮ್ ಏನು ಮಾಡಬೇಕೆಂದು ತೋಚದೆ ಬೈರಮ್ಮನನ್ನೇ ನೋಡಿದ. ಎಲ್ಲರೂ ಬೈರಮ್ಮನನ್ನೇ ನೋಡಿದರು. ಈ ಅಳುವನ್ನೂ ಅವಳೇ ಎತ್ತಬೇಕು ಎನ್ನುವ ಹಾಗೆ. ಕೊನೆಗೆ ಅವಳು ಬಗ್ಗಿ ಹುಡುಗಿಯ ತಲೆ ಸವರಿದಳು.

"ಅಳ್ಬೇಡ ಕಣಮ್ಮ. ಏಳು. ಎಷ್ಟ್ ದೂರದಿಂದ ಬಂದಿದೀಯ."

ಯಾರದೋ ಫೋನು ಅದನ್ನೂ ಹಿಡಿಯುತ್ತಿತ್ತು. ಬೈರಮ್ಮ ಚಪ್ಪಲಿ ಹಾಕಿಕೊಂಡು ಮಗಳ ಜೊತೆ ಮುಂಬಾಗಿಲಿನಿಂದ ಹೊರಬಿದ್ದಳು. ಗೌರೀಶ ಮೆಟ್ಟಿಲತನಕ ಬಂದು, ಓಡಾಡುವವರಿಗೆಲ್ಲ ಕೇಳುವಂತೆ ಅವಳ ಜಾತಿ ಹಿಡಿದು ಬೈದ.

ಸಂಜೆ ಶಿವಕುಮಾರಿ ಶ್ರೀರಾಂಪುರದ ಬೈರಮ್ಮನ ಮನೆಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ನಿನ್ ನಾಲ್ಗೆಗೆ ಹುಳ ಬೀಳ! ದೊಡ್ಡದಾಗಿ ಭಾಷ್ಣ ಮಾಡಿ ಎದ್ದೋದೆ. ಆಮೇಲ್ ಏನಾಯ್ತು ಗೊತ್ತಾ? ಆವಮ್ಮಂಗೆ ತಲೆ ಸರೀಗಿಲ್ಲ, ಮಗ್ಳಿಗೂ ಅಷ್ಟೇ ಅಂತ ಆ ಕಾರ್ಯಕ್ರಮದೋನು ಅವ್ರಿಗೆ ಹೇಳ್ದನಂತೆ, ಗೌರೀಶನೇ ನಕ್ಕೊಂಡ್ ಹೇಳ್ದ. ಗಡ್ಡದೋನು ತಲೆ ಆಡುಸ್ದ. ಪಾಪ, ಅವ್ನಿಗೂ ಅಂಗ್ ನಂಬದೇ ಸಲೀಸಾಯ್ತು. ನಿನ್ ಬದ್ಲು ನನ್ನ ಎಲೆ ರಾಶಿಗ್ ಹತ್ತುಸುದ್ರು. ಎರಡ್ ಸಲ."

"ಹತ್ತಲ್ಲ ಅನ್ಬೇಕಾಗಿತ್ತು ನೀನು."

"ಅನ್ಬೇಕಾಗಿತ್ತಂತೆ! ನಿಂಗೆ ಇಂಗ್ಲೀಸ್ ಕಲ್ತಿರೋ ಮಗ್ಳವ್ಳೆ. ನಾನಂದಿದ್ದು ಯಾರ್ ಹೇಳೋರೆ ಅವ್ರಿಗೆ?"

ಶಿವಕುಮಾರಿ ಹೊಸಿಲ ಮೇಲೆ ಉಗಿದು ಹೋದಳು. ಕೆಲಸದಲ್ಲಿ ಅವಳು ಬೈರಮ್ಮನಿಗಿಂತ ಮೂರು ವರ್ಷ ಹಳಬಳು. ಪಟ್ಟಿಯಲ್ಲಿ ಅವಳ ಹೆಸರೂ ಗೌರೀಶನ ಕೈಯಲ್ಲೇ ಇತ್ತು.

ಭಾನುವಾರ ಮಧ್ಯಾಹ್ನ ರಂಜಿನಿ ಫೋನಿನಲ್ಲಿ ಆ ತಂಡದ ಪುಟ ಹುಡುಕಿ ತೆಗೆದಳು. ಮೈಸೂರು ಅರಮನೆಯ ಮುಂದೆ ಹನ್ನೆರಡು ಮಂದಿ ನಗುತ್ತ ನಿಂತ ಚಿತ್ರವಿತ್ತು. ಅದರ ಕೆಳಗೆ ಅವಳ ತಾಯಿ. ಬಗ್ಗಿ, ಅಳುವ ಬಿಳಿಯ ಹುಡುಗಿಯ ತಲೆ ಸವರುತ್ತಿದ್ದಾಳೆ. ಮಾತು ಕೇಳಿಸುವುದಿಲ್ಲ, ಬರೀ ಗಿಟಾರ್. ಸಾವಿರಾರು ಜನ ಹೃದಯದ ಗುರುತು ಒತ್ತಿದ್ದರು.

"ಏನ್ ಬರ್ದವ್ರೆ?" ಎಂದಳು ಬೈರಮ್ಮ.

"ಅವರು ನನ್ನನ್ನ ಕ್ಷಮಿಸಿದ್ರು. ಈ ಪ್ರವಾಸ ನನ್ನ ಬದುಕನ್ನೇ ಬದಲಾಯಿಸ್ತು, ಅಂತ ಆ ಹುಡ್ಗಿ ಬರ್ದಿದಾಳೆ."

ಬೈರಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ತನ್ನನ್ನೇ ಇನ್ನೊಂದು ಸಲ ನೋಡಿದಳು.

"ನಾನ್ಯಾವಾಗ ಕ್ಷಮಿಸ್ದೆ?" ಎಂದಳು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಎಂದಿನಂತೆ ಹೆಂಗಸರು ಕಸದ ಆಟೋಗಳು ನಿಲ್ಲುವ ಮೈದಾನದಲ್ಲಿ ಸೇರಿದರು. ಈಗ ಹಾಜರಿ ಪುಸ್ತಕವಿಲ್ಲ. ಗೌರೀಶ ಹೆಸರು ಕೂಗಿ ಫೋನನ್ನು ಮುಖದ ಮುಂದೆ ಹಿಡಿಯುತ್ತಾನೆ. ಅದು ಮುಖ ಗುರುತು ಹಿಡಿದು ಟಿಂಗ್ ಎನ್ನುತ್ತದೆ. ಆರೂವರೆಯ ಒಳಗೆ ಎಲ್ಲ ಮುಖಗಳೂ ಏರದಿದ್ದರೆ ಮೇಲಿನವರು ಗೌರೀಶನನ್ನು ಕೇಳುತ್ತಾರೆ.

ಅವನು ಸಾಲಿನ ಉದ್ದಕ್ಕೂ ಬಂದ. ಟಿಂಗ್. ಟಿಂಗ್. ಬೈರಮ್ಮನ ಮುಂದೆ ನಿಲ್ಲಲಿಲ್ಲ. ಅವಳು ಮುಖ ಮುಂದೆ ಚಾಚಿದಳು. ಅಲ್ಲಿ ಯಾರೂ ಇಲ್ಲವೆಂಬಂತೆ ದಾಟಿ ಹೋದ.

"ಸಾ, ನಂದು?"

"ನೀನ್ಯಾರೇ? ತಲೆ ಕೆಟ್ಟೋರ್ಗೆಲ್ಲ ಇಲ್ಲಿ ಕೆಲ್ಸ ಇಲ್ಲ. ನಡಿ." ಪಕ್ಕಕ್ಕೆ ಹೋಗಿ ಕೂಗಿದ: "ಶಿವಕುಮಾರಿ!"

ಶಿವಕುಮಾರಿ ಅಲ್ಲೇ ನಿಂತಿದ್ದಳು, ಪೊರಕೆಗೆ ಒರಗಿಕೊಂಡು. ಗೌರೀಶ ಫೋನು ಹಿಡಿದ. ಅವಳು ಸೆರಗನ್ನು ತಲೆಯ ಮೇಲಿಂದ ಎಳೆದು ಗಲ್ಲದ ತನಕ ಮುಖ ಮುಚ್ಚಿಕೊಂಡಳು.

"ಏಯ್, ಮುಖ ತೋರ್ಸೇ."

ಅವಳು ಅಲುಗಲಿಲ್ಲ. ಬೈರಮ್ಮನ ಕಡೆಗೂ ತಿರುಗಲಿಲ್ಲ.

"ಮುಖ ಸಿಗುತ್ತಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ," ಎಂದಿತು ಫೋನಿನೊಳಗಿನ ಹೆಣ್ಣುದನಿ.

"ತೋರ್ಸೇ ಅಂದ್ರೆ! ಕಿವಿ ಇಲ್ವೇನೇ ಮುಂಡೇದೇ? ಪಟ್ಟಿ ಇವತ್ತೇ ಹೋಗ್ತಿರೋದು, ಗೊತ್ತಲ್ಲ?"

ಸೆರಗಿನ ಹಿಂದೆ ಅವಳ ಉಸಿರಿಗೆ ಬಟ್ಟೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಸಾಲಿನಲ್ಲಿ ಅವಳ ಆಚೆಗೆ ಇನ್ನೂ ಹನ್ನೊಂದು ಜನರಿದ್ದರು. ಗೌರೀಶ ಫೋನನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದ.

"ಮುಖ ಸಿಗುತ್ತಿಲ್ಲ," ಎಂದಿತು ಅದು.