ಏಳೂವರೆ ಅಂಗುಲ

ಟಿವಿಯವರಿಗೆ ಪತ್ರ ಬರೆದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರನ್ನು ಬೈಯಲು ಅನುಕೂಲ.

ಪಾಪ್ ಸಂಗೀತದ ನೂರು ಮಹಾಕ್ಷಣಗಳು ಅಂತ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಕಾರ್ಯಕ್ರಮ ಬರುತ್ತಿತ್ತು. ಯಾವನೋ ವೇದಿಕೆಯ ಮೇಲೆ ಗಿಟಾರ್ ಒಡೆದದ್ದು, ಯಾವಳೋ ಮೈಕು ಕೆಟ್ಟಾಗ ಬರಿಗಂಟಲಲ್ಲಿ ಇಡೀ ಮೈದಾನಕ್ಕೆ ಹಾಡಿದ್ದು, ಇಂಥವು. ಅವರ ಪಟ್ಟಿಯಲ್ಲಿ ಮೂವತ್ತೇಳನೆಯದು ಹುಲಿಯ ಹಾಡಿನಲ್ಲಿ ತಪ್ಪಿದ ಬಡಿತ. ಹುಲಿ ಅಂದರೆ ಹಾಡುಗಾರ. ಜನ ಹಾಗೆ ಕರೆದೂ ಕರೆದೂ ಅವನ ಸ್ವಂತ ಹೆಸರು ಅವನಿಗೇ ಮರೆತಿರಬೇಕು.

ಆ ಹಾಡಿನ ಎರಡನೇ ಚರಣ ಮುಗಿಯುವಾಗ ಡ್ರಮ್ಮು ಒಂದು ಪೆಟ್ಟು ನುಂಗುತ್ತದೆ. ಮೆಟ್ಟಿಲಿದೆ ಅಂತ ಕಾಲಿಟ್ಟರೆ ಇಲ್ಲದೆ ಧಸಕ್ಕೆನ್ನುತ್ತದಲ್ಲ, ಹಾಗೆ. ನಾನು ವೇದಿಕೆಗೆ ಸ್ಪೀಕರ್ ಪೆಟ್ಟಿಗೆ ಹೊರುವವನು, ಕಣ್ಣಾರೆ ಕಂಡಿದ್ದೇನೆ: ನಲವತ್ತು ಸಾವಿರ ಜನ ಆ ಜಾಗಕ್ಕಾಗಿಯೇ ಕಾದು ಒಟ್ಟಿಗೆ ಎಗರುತ್ತಾರೆ. "ಪ್ರೀತಿಯಲ್ಲಿ ಎದೆ ಒಂದು ಬಡಿತ ತಪ್ಪುತ್ತಲ್ಲ, ಅದನ್ನೇ ಹಾಡಲ್ಲಿಟ್ಟೆ" ಅಂತ ಹುಲಿ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ.

ಸುಳ್ಳು. ಅದು ನಮ್ಮಪ್ಪನ ಕೈತಪ್ಪು.

ಅಪ್ಪ ಆಗ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಜೋಡಿಸುವವನು. ಒಂದು ಸಲ ಹಾಡಿದ್ದರ ಮೊದಲರ್ಧ, ಇನ್ನೊಂದು ಸಲ ಹಾಡಿದ್ದರ ಕೊನೆಯರ್ಧ ಸೇರಿಸಿ ಒಂದೇ ಹಾಡು ಮಾಡುವ ಕೆಲಸ. ಸುರುಳಿಯನ್ನು ಕೈಯಲ್ಲೇ ಹಿಂದೆಮುಂದೆ ಆಡಿಸಿ ಡ್ರಮ್ಮಿನ ಪೆಟ್ಟು ಎಲ್ಲಿದೆ ಅಂತ ಕಿವಿಯಲ್ಲಿ ಹಿಡಿದು, ಟೇಪಿನ ಬೆನ್ನಿಗೆ ಹಳದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಗುರುತಿನ ಮೇಲೆ ಓರೆಯಾಗಿ ಬ್ಲೇಡು ಎಳೆಯಬೇಕು. ಆವತ್ತು ಅಪ್ಪ ಮೊದಲು ಹಾಕಿದ ಗುರುತು ಸರಿಯಿಲ್ಲ ಅಂತ ಒಂದು ಬಡಿತದಷ್ಟು ಮುಂದೆ ಇನ್ನೊಂದು ಹಾಕಿದ. ಹಳೆಯದನ್ನು ಒರೆಸಲಿಲ್ಲ. ಬ್ಲೇಡು ಹಳೆಯದರ ಮೇಲೆ ಹೋಯಿತು. ಸೆಕೆಂಡಿಗೆ ಹದಿನೈದು ಅಂಗುಲ ಓಡುವ ಟೇಪು, ಅರ್ಧ ಸೆಕೆಂಡಿನ ಬಡಿತ. ಏಳೂವರೆ ಅಂಗುಲ ಮೇಜಿನ ಮೇಲೆ ಉಳಿಯಿತು.

ಹತ್ತು ನಿಮಿಷ ಕೊಟ್ಟಿದ್ದರೆ ಮರಳಿ ಅಂಟಿಸುತ್ತಿದ್ದ. ಸ್ಟುಡಿಯೋ ಯಜಮಾನ ಕೊಡಲಿಲ್ಲ. "ಹೊರಗೆ ನಡಿ" ಅಂದ. ಅಪ್ಪ ಆ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನಡೆದ. ಕ್ಯಾಸೆಟ್ ಕಾರ್ಖಾನೆಯ ಕಾರು ಕಾಯುತ್ತಿತ್ತು, ಸುರುಳಿ ಹಾಗೇ ಅಚ್ಚಿಗೆ ಹೋಯಿತು. ಮೂರು ತಿಂಗಳಲ್ಲಿ ಹಾಡು ಎಲ್ಲರ ಬಾಯಲ್ಲಿ. ತಪ್ಪಿಗೆ ಕೆಲಸ ಹೋಯಿತು, ಅದೇ ತಪ್ಪಿಗೆ ಇನ್ನೊಬ್ಬನಿಗೆ ಹಾರ ಬಿತ್ತು.

ಆಮೇಲೆ ಅಪ್ಪ ಇಪ್ಪತ್ತಾರು ವರ್ಷ ಅಚ್ಚಿನ ಅಂಗಡಿಯಲ್ಲಿ ಕಾಗದ ಕತ್ತರಿಸಿದ. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೂ ನನ್ನ ಸೋದರಮಾವ ಮನೆಗೆ ಬಂದಾಗಲೆಲ್ಲ ಶುರು ಹಚ್ಚಿಕೊಳ್ಳುತ್ತಿದ್ದ: "ನಿಮ್ಮಪ್ಪ ಬ್ಲೇಡ್ ಹಾಕಿದ್ದು ಟೇಪಿಗಲ್ಲ ಕಣೋ, ಅನ್ನಕ್ಕೆ. ಹುಲಿ ಹಾಡೂ ನಂದೇ ಅಂತಾರೆ, ನಾಳೆ ಚಂದ್ರನೂ ನಂದೇ ಅಂತಾರೆ."

ಅಪ್ಪ ಒಮ್ಮೆ ನನ್ನ ಹತ್ತಿರ ಅಂದಿದ್ದ, "ನನಗೇನೂ ಬೇಡಪ್ಪ. ಆ ತಪ್ಪು ನಂದು ಅಂತ ಒಂದ್ಸಲ, ಎಲ್ಲರೂ ಕೇಳೋ ಹಾಗೆ ಹೇಳ್ಬೇಕು." ಅದಕ್ಕೇ ನಾನು ಪತ್ರ ಬರೆದದ್ದು.

ಅವರು ಬಂದರು. ಕ್ಯಾಮೆರಾ ಹಿಡಿದವನೊಬ್ಬ, ಕಾರ್ಯಕ್ರಮ ಮಾಡುವ ಹೆಂಗಸೊಬ್ಬಳು. ಇಡೀ ಕೋಣೆ ಅದಲುಬದಲಾಯಿತು. ಫ್ರಿಜ್ಜು ಸದ್ದು ಮಾಡುತ್ತದೆ ಅಂತ ಅದರ ಪ್ಲಗ್ ಕಿತ್ತರು. ಅಮ್ಮ ಎರಡು ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಕುರ್ಚಿಯ ತುದಿಯಲ್ಲಿ ಕೂತ.

"ನ್ಯಾಚುರಲ್ಲಾಗಿ ಮಾತಾಡಿ ಅಂಕಲ್," ಅಂದಳು. "ಅದು ಹುಲಿ ಸರ್ ಐಡಿಯಾ ಅಂತಾರಲ್ಲ?"

ಅಪ್ಪನಿಗೆ ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳುವ ಅಭ್ಯಾಸ. "ಹುಲಿ ಹೇಳಿದ್ದು..." ಅಂದ, ನಿಂತ, ಉಸಿರೆಳೆದುಕೊಂಡ. "ಅಂತ ಎಲ್ಲ ಬರ್ಕೊಂಡಿದ್ದಾರೆ. ಹುಲಿ ಆವತ್ತು ಸ್ಟುಡಿಯೋಗೇ ಬಂದಿರ್ಲಿಲ್ಲಮ್ಮ. ತಪ್ಪು ಗುರುತಿನ ಮೇಲೆ... ಬ್ಲೇಡ್ ಹಾಕಿದ್ದು ನಾನು."

ಆಹಾ, ಆ ಕ್ಷಣ ನನ್ನೆದೆ ಸ್ಪೀಕರ್ ಪೆಟ್ಟಿಗೆಯಷ್ಟಾಯಿತು.

"ಸೂಪರ್ ಅಂಕಲ್! ಹುಲಿ ಸರ್ ಬಗ್ಗೆ ಎರಡು ಒಳ್ಳೆ ಮಾತು ಹೇಳಿಬಿಡಿ, ಮುಗೀತು."

"ದೊಡ್ಡ ಕಂಠ. ಆ ಕಂಠಕ್ಕೆ ಕೆಲಸ ಮಾಡಿದ್ದು... ನನ್ನ ಪುಣ್ಯ." ಅದೂ ನಿಜವೇ. ಅಪ್ಪನಿಗೆ ಹೊಟ್ಟೆಯುರಿ ಗೊತ್ತಿಲ್ಲ. ನನಗೆ ಗೊತ್ತಿದೆ, ಇಬ್ಬರಿಗಾಗುವಷ್ಟು.

ಕೊನೆಗೆ ಅಪ್ಪ ತಗಡಿನ ಡಬ್ಬಿಯಿಂದ ಆ ತುಂಡು ತೆಗೆದು ತೋರಿಸಿದ. ಮಾಸಿದ ಹಳದಿ ಗುರುತು ಇನ್ನೂ ಇತ್ತು.

"ಅಯ್ಯೋ, ಇದನ್ನ ಎರಡು ದಿನ ಕೊಡಿ ಅಂಕಲ್. ಹತ್ತಿರದಿಂದ ಶೂಟ್ ಮಾಡಿ ಕಳಿಸ್ತೀವಿ."

ಅಪ್ಪ ಡಬ್ಬಿ ಮುಚ್ಚಿದ. "ಬೇಡಮ್ಮ. ಮನೇಲೇ ಇರ್ಲಿ."

"ಸಾಕ್ಷಿ ಅಲ್ವೇನಪ್ಪ? ಕೊಡು," ಅಂದೆ. ಅವನ ಕೈಯಿಂದ ನಾನೇ ತೆಗೆದುಕೊಂಡು ಅವಳ ಕೈಗೆ ಕೊಟ್ಟೆ. ಈ ಕೈಯಿಂದಲೇ.

ಮೂರನೇ ಭಾನುವಾರ ಕಾರ್ಯಕ್ರಮ ಬಂತು. ಮಾವನನ್ನೂ ಬೇಕಂತಲೇ ಕರೆಸಿ, ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆ. ಹುಲಿ ಬಂದ, ಬಿಳಿ ಸೋಫಾದಲ್ಲಿ ಕೂತು ಎದೆ ಮುಟ್ಟಿಕೊಂಡು ಅದೇ ಹಳೇ ಮಾತು ಒಪ್ಪಿಸಿದ. ಆಮೇಲೆ ಅಪ್ಪ. ಮುಖದ ಕೆಳಗೆ 'ಹಳೆಯ ಸಹಾಯಕ' ಅಂತ ಬರೆದಿದ್ದರು.

"ಹುಲಿ ಹೇಳಿದ್ದು," ಅಂದ ಟಿವಿಯ ಅಪ್ಪ. ಪರದೆಯ ಮೇಲೆ ಹಳದಿ ಗುರುತಿನ ತುಂಡು ದೊಡ್ಡದಾಗಿ ಬಂತು, ದನಿ ಮಾತ್ರ ಮುಂದುವರಿಯಿತು. "ಬ್ಲೇಡ್ ಹಾಕಿದ್ದು ನಾನು. ನನ್ನ ಪುಣ್ಯ."

ಮೂವತ್ತೆಂಟನೇ ಮಹಾಕ್ಷಣ ಶುರುವಾಯಿತು.

ಮಾವ ತೊಡೆ ತಟ್ಟಿ ನಕ್ಕ. "ಅಂತೂ ಒಪ್ಕೊಂಡ್ರಲ್ಲ ಭಾವ! ಇದನ್ನ ಮೂವತ್ತು ವರ್ಷದ ಹಿಂದೇನೇ ಹೇಳಿದ್ರೆ ಹುಲಿ ಜೊತೇಲಿ ಇಟ್ಕೊಳ್ತಿದ್ದ."

"ಮಾವ, ಬಾಯಿ ಮುಚ್ತೀಯೋ ಇಲ್ವೋ?"

"ನಂಗ್ಯಾಕೋ ಬೈತೀಯ? ನಿಮ್ಮಪ್ಪನ ಬಾಯಲ್ಲೇ ಬಂತಲ್ಲೋ."

ಅದೇ. ಒಂದೊಂದು ಶಬ್ದವೂ ಅಪ್ಪನದೇ. ಒಂದನ್ನೂ ಸೇರಿಸಿರಲಿಲ್ಲ ಆ ಕಳ್ಳರು. ನಾನು ಹೊರಗೆ ಹೋಗಿ ಆ ಹೆಂಗಸಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

"ಸರ್, ಒಂದು ಕ್ಷಣಕ್ಕೆ ನಮಗೆ ಸಿಗೋದೇ ಎರಡು ನಿಮಿಷ," ಅಂದಳು. ಅವಳ ದನಿಯಲ್ಲಿ ಕೋಪವೂ ಇಲ್ಲ, ನಾಚಿಕೆಯೂ ಇಲ್ಲ. "ಮೇಲಿನವರು ಚಿಕ್ಕದು ಮಾಡಿ ಅಂದ್ರು."

"ಆ ತುಂಡು ವಾಪಸ್ ಕೊಡಿ."

"ಅದು... ಹುಲಿ ಸರ್ ನೋಡಿ ತುಂಬಾ ಎಮೋಷನಲ್ ಆದ್ರು. ಫ್ರೇಮ್ ಹಾಕಿಸ್ತೀನಿ ಅಂತ ತಗೊಂಡು ಹೋದ್ರು. ನಿಮಗೆ ಯಾರೂ ಹೇಳ್ಲಿಲ್ವಾ?"

ನಾನು ಒಳಗೆ ಬಂದಾಗ ಮಾವ ಎದ್ದು ಹೋಗಿದ್ದ. ಅಮ್ಮ ಖಾಲಿ ಲೋಟ ಎತ್ತುತ್ತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತುಂಡಿನ ವಿಷಯ ಹೇಳಿದೆ. ಅಪ್ಪ ತಲೆಯಾಡಿಸಿದ. ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಆ ಕಾರ್ಯಕ್ರಮ ಫೋನಲ್ಲಿ ಸಿಗುತ್ತೇನೋ? ಹಾಕು," ಅಂದ.

ಹಾಕಿದೆ. ಚೆನ್ನಾಗಿ ಕೇಳುವ ಎಡಗಿವಿಗೆ ಫೋನು ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಹಾಕಿಸಿದ. ಮೂರನೆಯ ಸಲ ಅವನ ಹೆಬ್ಬೆರಳು ತೋರುಬೆರಳು ಕೂಡಿಕೊಂಡು ಗಾಳಿಯಲ್ಲೇ ಓರೆಯಾಗಿ ಒಂದು ಗೆರೆ ಎಳೆದವು.

"ಇಲ್ಲಿ," ಅಂದ. "ನಾನು ಉಸಿರೆಳ್ಕೊಳೋ ಕಡೆ ಕತ್ತರಿಸಿದ್ದಾರೆ. ಉಸಿರು ಅರ್ಧ ಮೊದಲಿಂದು, ಅರ್ಧ ಆಮೇಲಿಂದು. ಜೋಡಣೆ ಗೊತ್ತೇ ಆಗಲ್ಲ ನೋಡು." ಕಣ್ಣು ತೆರೆದ. ಅದರಲ್ಲಿ ನೀರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಯಾರೋ ಏನೋ, ಕೈ ಮಾತ್ರ ಚೆನ್ನಾಗಿದೆ. ಇವರ್ಯಾರನ್ನೂ ಕೆಲಸದಿಂದ ತೆಗೆಯಲ್ಲ."

ಆಮೇಲೆ ಕೈಚಾಚಿದ. "ಇನ್ನೊಂದ್ಸಲ ಹಾಕೋ."

ನಾನು ಹಾಕಲಿಲ್ಲ.