ತಾಮ್ರದ ಸೂಜಿ

ಸುಟ್ಟ ಸ್ಕೂಟರಿನ ಬ್ಯಾಟರಿಯನ್ನು ಪೊಲೀಸರು ಕೆಂಗೇರಿಯಾಚೆಯ ವಿಶ್ವವಿದ್ಯಾಲಯಕ್ಕೆ ತಂದಾಗ ಪ್ರೊಫೆಸರ್ ಗಿರಿಜಾದೇವಿ ಆಗಷ್ಟೇ ಪಾಠ ಮುಗಿಸಿ ಲ್ಯಾಬಿಗೆ ಬಂದಿದ್ದರು. ಹೊಗೆಯ ಕಮಟು ವಾಸನೆ ಕೋಣೆ ತುಂಬಿತು.

“ಕುರುಬರಹಳ್ಳೀಲಿ ಮನೆಯೊಳಗೇ ಹೊತ್ಕೊಂಡಿದ್ದು ಮೇಡಂ,” ಎಂದರು ಇನ್‌ಸ್ಪೆಕ್ಟರ್. “ಮಧ್ಯಾಹ್ನ ಮಲಗಿದ್ದ ಯಜಮಾನ್ರು ಮುನಿವೆಂಕಟಪ್ಪ ಹೋಗ್ಬಿಟ್ರು. ಸೊಸೆ ಚಾರ್ಜಿಗೆ ಹಾಕಿ ಮರೆತು ಆಚೆ ಹೋಗಿದ್ಲಂತೆ. ಕಂಪನಿಯೋರೂ ಅದನ್ನೇ ಬರ್ಕೊಟ್ಟಿದಾರೆ. ನಿಮ್ದೊಂದು ರಿಪೋರ್ಟ್ ಬೇಕು.”

“ನಮ್ಮ ಲ್ಯಾಬಿಗೆ ಅದೇ ಕಂಪನಿ ದುಡ್ಡು ಕೊಡೋ ಪ್ರಾಜೆಕ್ಟ್ ಇದೆ. ಬೇರೆಯವರನ್ನ ಕೇಳೋದು ಒಳ್ಳೇದು.”

“ಕೇಳ್ದೆ ಮೇಡಂ. ಯಾರೂ ಒಪ್ತಿಲ್ಲ.”

ಗಿರಿಜಾದೇವಿ ಪ್ರಾಜೆಕ್ಟಿನ ಸಂಗತಿಯನ್ನೂ ವರದಿಯಲ್ಲಿ ಬರೆಯುವುದಾಗಿ ಹೇಳಿ ಒಪ್ಪಿಕೊಂಡರು.

ದಾವಣಗೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬೆಂಗಳೂರಿಗೆ ಬಂದವರು ಅವರು. ಜೊತೆಯವರೆಲ್ಲ ಹೆಚ್ಚು ಶಕ್ತಿ ಹಿಡಿಯುವ ಬ್ಯಾಟರಿಯ ಬೆನ್ನು ಹತ್ತಿದಾಗ, ಇವರು ಬ್ಯಾಟರಿ ಯಾಕೆ ಕೆಡುತ್ತದೆ ಎಂದು ಹುಡುಕುತ್ತ ಕೂತರು. ಕಾರ್ಖಾನೆಯಲ್ಲಿ ಒಳಗೆ ಬಿದ್ದ ಕಣ್ಣಿಗೆ ಕಾಣದ ಲೋಹದ ಚೂರು ಚಾರ್ಜಾಗುವಾಗ ಕರಗಿ, ಆಚೆ ಬದಿಯಲ್ಲಿ ಮತ್ತೆ ಗಟ್ಟಿಯಾಗಿ, ಸೂಜಿಯಂತೆ ಬೆಳೆದು, ಎರಡು ಬದಿಗಳನ್ನು ಮುಟ್ಟಿಸಿ ಬೆಂಕಿ ಹೊತ್ತಿಸಬಲ್ಲದು ಎಂಬುದು ಅವರ ಸಂಶೋಧನೆ. ದೊಡ್ಡ ಸಮ್ಮೇಳನಗಳಿಗೆ ಕರೆ ಬರಲಿಲ್ಲ. ಪ್ರೊಫೆಸರ್ ಆಗುವಷ್ಟರಲ್ಲಿ ತಲೆ ನರೆತಿತ್ತು.

ಬ್ಯಾಟರಿ ಪೆಟ್ಟಿಗೆಯೊಳಗಿನ ಸೆಲ್‌ಗಳಲ್ಲಿ ಹೆಚ್ಚಿನವು ಕರಕಲಾಗಿದ್ದವು. ಮೂಲೆಯ ಕೆಲವು ಮಾತ್ರ ಉಳಿದಿದ್ದವು. ಗಾಳಿ ಸೋಕದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸಿನ ಮೂಲಕ ಕೈ ತೂರಿಸಿ, ಪಿಎಚ್‌ಡಿ ವಿದ್ಯಾರ್ಥಿನಿ ಚೈತ್ರಳೊಂದಿಗೆ ಅವುಗಳನ್ನು ಒಂದೊಂದಾಗಿ ಬಿಚ್ಚಿದರು. ಮಿತಿಮೀರಿ ಚಾರ್ಜಾಗಿದ್ದರೆ ಒಳಗಿನ ಹಾಳೆಯ ಮೇಲೆ ಲಿಥಿಯಂ ಬೂದುಬಣ್ಣಕ್ಕೆ ಹರಡಿಕೊಂಡಿರಬೇಕಿತ್ತು. ಅದು ಎಲ್ಲೂ ಇರಲಿಲ್ಲ. ಬದಲಿಗೆ, ಎರಡು ಬದಿಗಳನ್ನು ಬೇರ್ಪಡಿಸುವ ತೆಳು ಪೊರೆಯ ಮೇಲೆ ಕಪ್ಪು ಚುಕ್ಕೆಗಳಿದ್ದವು. ಸೂಕ್ಷ್ಮದರ್ಶಕದಡಿ ಅವು ತಾಮ್ರದ ಸೂಜಿಗಳಾಗಿ ಕಂಡವು. ಒಂದು ಸೂಜಿ ಪೊರೆಯನ್ನು ಅರ್ಧ ದಾಟಿತ್ತು.

“ಮೇಡಂ, ನಿಮ್ಮ ಪೇಪರಿನಲ್ಲಿರೋ ಚಿತ್ರಾನೇ ಇದು!” ಎಂದಳು ಚೈತ್ರ.

ತಾವು ಹೇಳಿದ್ದು ನಿಜವಾಯಿತೆಂಬ ಸಂತೋಷ ಎದೆಯಲ್ಲಿ ಎದ್ದಿತು. ಮರುಕ್ಷಣವೇ ಗಿರಿಜಾದೇವಿಗೆ ನಾಚಿಕೆಯಾಯಿತು. ಒಬ್ಬ ಮನುಷ್ಯ ಸತ್ತಿದ್ದ.

ವಿಷಯ ತಿಳಿದು ವಿಭಾಗದ ಮುಖ್ಯಸ್ಥ ಮೋಹನ್ ಕುಮಾರ್ ಕೋಣೆಗೆ ಬಂದರು. “ಖಚಿತ ಕಾರಣ ಹೇಳೋಕಾಗಲ್ಲ ಅಂತ ಬರೆದುಬಿಡಿ. ಅದೇನು ಸುಳ್ಳಲ್ಲವಲ್ಲ. ಪ್ರಾಜೆಕ್ಟ್ ಹೋದ್ರೆ ಚೈತ್ರಳ ಫೆಲೋಶಿಪ್ಪೂ ಹೋಗುತ್ತೆ.”

“ನನಗೆ ಕಂಡಿದೆ ಸರ್. ಕಂಡಿಲ್ಲ ಅಂತ ಹೇಗೆ ಬರೀಲಿ?”

ಗಿರಿಜಾದೇವಿ ಚೈತ್ರಳನ್ನು ಕರೆದು ಫೆಲೋಶಿಪ್ಪಿನ ವಿಷಯವನ್ನೂ ಹೇಳಿದರು. ಅವಳು ವರದಿಯ ಕರಡನ್ನು ಪೂರ್ತಿ ಓದಿ, “ಕಳಿಸಿ ಮೇಡಂ,” ಎಂದಳು.

ವರದಿ ಕೊಟ್ಟ ದಿನ ಇನ್‌ಸ್ಪೆಕ್ಟರ್ ಹೇಳಿದರು: “ಆ ಸೊಸೆ ರಂಜಿನಿ ತವರಲ್ಲೇ ಇದಾಳೆ. ಗಂಡನ ಮನೆಯೋರು ಮಾತಾಡ್ಸಲ್ಲ. ಕಾಪಿ ಅವ್ರಿಗೂ ಹೋಗುತ್ತೆ, ಆದ್ರೆ ಈ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋರ್ಯಾರು?”

ಆ ಭಾನುವಾರ ಬೆಳಿಗ್ಗೆ ಗಿರಿಜಾದೇವಿ ಬಸವೇಶ್ವರನಗರದ ತಮ್ಮ ಮನೆಯಿಂದ ಕುರುಬರಹಳ್ಳಿಗೆ ಹೋದರು. ಮುನಿವೆಂಕಟಪ್ಪನವರ ಹೆಂಡತಿ ಹನುಮಕ್ಕ ನಡುಮನೆಯಲ್ಲಿ ಕೂತಿದ್ದರು. ಮಗ, ರಂಜಿನಿಯ ಗಂಡ ಯೋಗಾನಂದ, ಕುರ್ಚಿ ಎಳೆದುಕೊಟ್ಟು ಗೋಡೆಗೊರಗಿ ನಿಂತ. ಬ್ಯಾಟರಿಯೊಳಗೆ ಏನಾಗಿತ್ತೆಂದು ಗಿರಿಜಾದೇವಿ ಬಿಡಿಸಿ ಹೇಳಿದರು.

“ಅವ್ಳು ಚಾರ್ಜಿಗೆ ಹಾಕ್ದೇ ಇದ್ದಿದ್ರೆ?” ಎಂದ ಯೋಗಾನಂದ.

“ಅವತ್ತು ಆಗ್ತಿರ್ಲಿಲ್ಲವೇನೋ. ಅದನ್ನ ಮುಚ್ಚಿಡಲ್ಲ. ಆದ್ರೆ ಚಾರ್ಜ್ ಮಾಡ್ದೆ ಗಾಡಿ ಓಡುತ್ತಾ? ನೀವು ಹಾಕಿದ್ರೂ ಯಾವತ್ತೋ ಒಂದಿನ ಹೀಗೇ ಆಗ್ತಿತ್ತು. ತಪ್ಪಾಗಿರೋದು ಕಾರ್ಖಾನೇಲಿ, ನಿಮ್ಮ ಮನೇಲಲ್ಲ.”

ಯೋಗಾನಂದ ತಲೆ ತಗ್ಗಿಸಿದ. ಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಹೆಣದ ಮುಂದೆ, ಎಲ್ರೆದುರಿಗೆ, ‘ನನ್ ಗಂಡನ್ನ ತಿಂದ್ಕೊಂಡ್ಯಲ್ಲೇ’ ಅಂದ್ಬಿಟ್ಟೆ ಕಣಮ್ಮಾ ಅವ್ಳನ್ನ,” ಎಂದರು ಕೊನೆಗೆ. “ನಾನ್ ಹೋಗಿ ಹೇಳಿದ್ರೆ ನಂಬಲ್ಲ. ನೀವೂ ಬರ್ತೀರಾ?”

ಇಬ್ಬರೂ ಆಟೋದಲ್ಲಿ ಚಂದ್ರಾ ಲೇಔಟಿನ ರಂಜಿನಿಯ ತವರಿಗೆ ಹೋದರು. 

ಬಾಗಿಲು ತೆರೆದದ್ದು ರಂಜಿನಿಯೇ. ಮಾವನನ್ನು ಹೊರಗೆಳೆಯಲು ಹೋಗಿ ಸುಟ್ಟುಕೊಂಡ ಬಲಗೈಯ ಚರ್ಮ ಮೊಣಕೈವರೆಗೂ ಸುಕ್ಕುಗಟ್ಟಿತ್ತು. ಅತ್ತೆಯನ್ನು ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಗಿರಿಜಾದೇವಿ ತಾವು ಯಾರೆಂದು ತಿಳಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು.

“ನಾನು ಮರೆತಿರ್ಲಿಲ್ಲ ಆಂಟಿ,” ಎಂದಳು ರಂಜಿನಿ. “ಹಾಲು ತರಕ್ಕೆ ಹೋಗಿದ್ದೆ, ಅಷ್ಟೇ. ಎಲ್ರೂ ಮರೆತೆ ಮರೆತೆ ಅಂದು ಅಂದು, ನಂಗೂ ಹಂಗೇ ಅನ್ನಿಸೋಕೆ ಶುರುವಾಗಿತ್ತು.”

“ಮರೆತಿದ್ರೂ ಅದರಿಂದ ಆಗಿದ್ದಲ್ಲ ಅಮ್ಮ,” ಎಂದರು ಗಿರಿಜಾದೇವಿ.

ರಂಜಿನಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಹನುಮಕ್ಕ ಪಕ್ಕದಲ್ಲಿ ಕೂತು ಅವಳ ಸುಟ್ಟ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. “ಮನೆಗ್ ಬಾ ಅನ್ನೋ ಮುಖ ಇಲ್ಲ ಮಗಾ ನಂಗೆ.”

“ಈಗ್ಲೇ ಬರಲ್ಲ ಅತ್ತೆ. ಆಗಲ್ಲ.” ಕಣ್ಣೊರೆಸಿಕೊಂಡು ಎದ್ದಳು. “ಬಿಸಿಲಲ್ಲಿ ಬಂದಿದೀರ. ಒಳಗ್ ಬನ್ನಿ, ಊಟ ಮಾಡಿ.”

ಮುಂದೆ ಕಂಪನಿ ಆ ಬಗೆಯ ಬ್ಯಾಟರಿಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಿತು. ಗಿರಿಜಾದೇವಿಯ ಪ್ರಾಜೆಕ್ಟನ್ನೂ ನಿಲ್ಲಿಸಿತು. ಚೈತ್ರಳಿಗೆ ಬೇರೊಂದು ಸಂಸ್ಥೆಯಲ್ಲಿ ಜಾಗ ಸಿಗುವವರೆಗೆ ಅವರು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಅವಳು ಹೊರಟುಹೋದ ಮೇಲೆ ಲ್ಯಾಬಿನಲ್ಲಿ ಒಬ್ಬರೇ ಕೂತು ಕೆಲಸ ಮಾಡುವಾಗ ಬೇಸರವಾಗುತ್ತಿತ್ತು, ಆದರೆ ಬರೆದದ್ದರ ಬಗ್ಗೆ ಒಂದು ದಿನವೂ ಅವರು ಮರುಗಲಿಲ್ಲ.

ದೀಪಾವಳಿ ಕಳೆದ ಮೇಲೆ ಯೋಗಾನಂದ ಚಂದ್ರಾ ಲೇಔಟಿಗೆ ಹೋಗಿ ಬಹಳ ಹೊತ್ತು ಕೂತಿದ್ದನಂತೆ. ಅವನು ಎರಡನೇ ಸಲ ಹೋದಾಗ ರಂಜಿನಿ ಅವನ ಜೊತೆಗೆ ಮನೆಗೆ ಹೊರಟು ಬಂದಳು.